ದೇವರಾಜ ಮಾರುಕಟ್ಟೆ ಯಾರ ಆಸ್ತಿ?

ಮೈಸೂರಿಗೆ ಹೋಗಿ ಬಂದವರನ್ನು ಏನು ನೋಡಿದಿರಿ ಎಂದು ಕೇಳಿದರೆ ಮೊದಲ ಮಾತು ಅರಮನೆಯದು. ತಪ್ಪೇನಿಲ್ಲ. 1897ರಲ್ಲಿ ರಾಜಕುಮಾರಿಯ ಮದುವೆಯ ವೇಳೆ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ಎಂಬ ಬ್ರಿಟಿಷ್ ವಾಸ್ತುಶಿಲ್ಪಿಯ ನಕ್ಷೆಯಂತೆ ಹೊಸದು 1912ರಲ್ಲಿ ಮುಗಿಯಿತು. ತಗುಲಿದ ವೆಚ್ಚ ಸುಮಾರು 41 ಲಕ್ಷ ರೂಪಾಯಿ. ಅದು ಸಂಸ್ಥಾನದ ಬೊಕ್ಕಸದ ಹಣ. ಆ ಬೊಕ್ಕಸಕ್ಕೆ ಕಂದಾಯ ತೆತ್ತವರಲ್ಲಿ ನಂಜನಗೂಡು, ತಿರುಮಕೂಡಲು ನರಸೀಪುರದ ರೈತರೂ ಇದ್ದರು. ಆದ್ದರಿಂದ ಅರಮನೆ ಉಳಿಯಲಿ, ಅದರ ಸುಮಾರು ಒಂದು ಲಕ್ಷ ದೀಪಗಳೂ ಉರಿಯಲಿ. ನಮ್ಮ ತಕರಾರಿಲ್ಲ.

ತಕರಾರಿರುವುದು ಬೇರೆ ಕಡೆ. ಅರಮನೆಗೆ ಹತ್ತಿರದಲ್ಲೇ ಲ್ಯಾನ್ಸ್‌ಡೌನ್ ಕಟ್ಟಡ, ದೇವರಾಜ ಮಾರುಕಟ್ಟೆ ಇವೆ. ಎರಡೂ ಹತ್ತೊಂಬತ್ತನೆಯ ಶತಮಾನದ ಕೊನೆಯವು. ಎರಡರಲ್ಲೂ ಬದುಕಿದವರು ಸಣ್ಣ ವ್ಯಾಪಾರಿಗಳು. ಮೇಷ್ಟರಾಗಿದ್ದಾಗ ನಾವು ಬಡ ಹುಡುಗರಿಗೆ ಹಳೆಯ ಪಠ್ಯಪುಸ್ತಕಗಳನ್ನು ಹುಡುಕಿ ತರುತ್ತಿದ್ದುದು ಲ್ಯಾನ್ಸ್‌ಡೌನ್ ಕಟ್ಟಡದಿಂದಲೇ. ನಮ್ಮ ಸೀಮೆಯ ರಸಬಾಳೆ, ವೀಳ್ಯದೆಲೆ, ಹೂವು, ತರಕಾರಿ ಬೆಲೆ ಕಂಡದ್ದು ದೇವರಾಜ ಮಾರುಕಟ್ಟೆಯಲ್ಲಿ. ಬೆಳಗಿನ ಜಾವದ ಬಸ್ಸಿಗೆ ಮೂಟೆ ಏರಿಸಿದವರಿಗೆ ಇದನ್ನು ನಾವು ಹೇಳಿಕೊಡಬೇಕಾಗಿಲ್ಲ.

2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ, ದುರಸ್ತಿ ನಡೆದಿದ್ದಾಗಲೇ, ಮಾರುಕಟ್ಟೆಯ ಒಂದು ಭಾಗ ಉರುಳಿತು. ಆಮೇಲೆ ಶುರುವಾದದ್ದು ಕೆಡವಬೇಕೋ ರಿಪೇರಿ ಮಾಡಬೇಕೋ ಎಂಬ ವಾದ. ತಜ್ಞರ ಸಮಿತಿಗಳಾದವು, ವ್ಯಾಜ್ಯ ಹೈಕೋರ್ಟಿನವರೆಗೂ ಹೋಯಿತು. ಪರಂಪರೆ ಎಂಬ ಮಾತು ಎಲ್ಲರ ಬಾಯಲ್ಲೂ ಕೇಳಿಬಂತು. ಆದರೆ ಮಳೆಗಾಲ ಬಂದಾಗಲೆಲ್ಲ ತಲೆಯ ಮೇಲಿನ ಸೂರನ್ನು ನೋಡುತ್ತ ತಕ್ಕಡಿ ಹಿಡಿದವನ ಮಾತಿಗೆ ಎಷ್ಟು ಬೆಲೆ ಬಂತು?

ಹಳೆಯದೆಲ್ಲ ತಾನಾಗಿ ಬೀಳುತ್ತದೆ ಎನ್ನುವವರು ಒಮ್ಮೆ ನಂಜನಗೂಡಿಗೆ ಬರಲಿ. ಕಪಿಲೆಯ ಮೇಲಿನ ಕಲ್ಲಿನ ಸೇತುವೆ 1735ರದು, ದಳವಾಯಿ ದೇವರಾಜಯ್ಯನ ಕಾಲದ್ದು. ಎತ್ತಿನಗಾಡಿಗೆಂದು ಕಟ್ಟಿದ ಅದರ ಮೇಲೆ ಮುಂದೆ ರೈಲೂ ಓಡಿತು. ಈಗ ರೈಲಿಗೆ ಹೊಸ ಸೇತುವೆ ಬಂದಿದೆ, ಹಳೆಯದು ಇನ್ನೂ ನಿಂತಿದೆ. ನರಸೀಪುರ ತಾಲ್ಲೂಕಿನ ಸೋಮನಾಥಪುರದ ದೇವಾಲಯಕ್ಕಂತೂ ಏಳುನೂರೈವತ್ತು ವರ್ಷ ದಾಟಿದೆ. 2023ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಮಾರುಕಟ್ಟೆ ಇವೆರಡರ ಮುಂದೆ ಎಳೆಯ ಕೂಸು. ಕಾಲಕಾಲಕ್ಕೆ ಗಾರೆ ಕಾಣದ ಗೋಡೆ ಬಿದ್ದರೆ ಅದು ವಯಸ್ಸಿನ ತಪ್ಪಲ್ಲ.

ನಮ್ಮ ಒಲವು ದುರಸ್ತಿಯ ಕಡೆಗೆ. ಆದರೆ ದುರಸ್ತಿಯ ಹೆಸರಿನಲ್ಲಿ ವರ್ಷಗಟ್ಟಲೆ ಬೀಗ ಹಾಕುವುದನ್ನೂ, ಕೆಡವಿ ಕಟ್ಟಿದ ಮೇಲೆ ದುಡ್ಡಿದ್ದವರಿಗೆ ಮಳಿಗೆ ಹರಾಜು ಹಾಕುವುದನ್ನೂ ಒಪ್ಪಲಾಗದು. ತೀರ್ಮಾನ ಮಾಡುವ ಸಮಿತಿಯಲ್ಲಿ ಅಂಗಡಿಯವರೂ ಹಮಾಲರೂ ಕೂರಬೇಕು. ಕೆಲಸ ನಡೆಯುವಷ್ಟು ದಿನ ಅವರಿಗೆ ಹತ್ತಿರದಲ್ಲೇ ಜಾಗ, ಮುಗಿದ ಮೇಲೆ ತಮ್ಮ ತಮ್ಮ ಮಳಿಗೆ, ತಾಳಬಹುದಾದ ಬಾಡಿಗೆ: ಇಷ್ಟನ್ನು ನಗರಪಾಲಿಕೆ ಮೊದಲೇ ಕಾಗದದಲ್ಲಿ ಬರೆದುಕೊಡಬೇಕು.