ಮನೆಯ ವೈಫೈ, ಮಕ್ಕಳ ಕಾವಲು

ಮನೆಮನೆಗೆ ಭೇಟಿಯಿತ್ತು ಆಶೀರ್ವದಿಸುವ ವಾಡಿಕೆ ನಮ್ಮ ಧರ್ಮಕೇಂದ್ರಗಳಲ್ಲಿ ಇಂದಿಗೂ ಉಳಿದುಬಂದಿದೆ. ಕಳೆದ ತಿಂಗಳು ಹೀಗೊಂದು ಮನೆಗೆ ಹೋಗಿದ್ದಾಗ ಚಾವಡಿಯ ಪ್ರಾರ್ಥನಾಪೀಠದ ಪಕ್ಕದಲ್ಲಿ, ಯೇಸುವಿನ ಪವಿತ್ರ ಹೃದಯದ ಚಿತ್ರಪಟದ ಕೆಳಗೆ, ಬಿಳಿಯ ಬಣ್ಣದ ಪುಟ್ಟ ಪೆಟ್ಟಿಗೆಯೊಂದು ಕಾಣಿಸಿತು. ಊಟದ ಕೋಣೆಯಲ್ಲಿ ಅಂಥದೇ ಇನ್ನೊಂದು; ಮಹಡಿಯ ಮೆಟ್ಟಿಲ ಬಳಿ ಮತ್ತೊಂದು. ನಾವು ತೀರ್ಥ ಪ್ರೋಕ್ಷಿಸುತ್ತ ಕೋಣೆಯಿಂದ ಕೋಣೆಗೆ ನಡೆದಂತೆ ಆ ಮನೆಯ ಅಜ್ಜಿ ಹಿಂದಿನಿಂದ, "ಫಾದರೇ, ಇದಕ್ಕೂ ಒಂದು ಹನಿ ಹಾಕಿ. ಈ ಮನೆಯಲ್ಲಿ ಈಗ ಜಗಳ ಹುಟ್ಟುವುದು ಇದರಿಂದಲೇ" ಎಂದರು. ನೀರು ಬಿದ್ದರೆ ಯಂತ್ರ ಕೆಟ್ಟೀತೆಂದು ನಾವು ದೂರದಿಂದಲೇ ಶಿಲುಬೆಯ ಗುರುತು ಮಾಡಿದೆವು.

ಆ ಮನೆಯ ಕಥೆ ನಮ್ಮ ಕರಾವಳಿಯ ಅನೇಕ ಮನೆಗಳ ಕಥೆ. ಯಜಮಾನರು ಕುವೈತಿನಲ್ಲಿ, ಇಲ್ಲಿ ಅಜ್ಜಿ, ತಾಯಿ, ಒಂಬತ್ತನೆಯ ತರಗತಿಯ ಮಗ, ಐದನೆಯ ತರಗತಿಯ ಮಗಳು. ಹಿಂದಿನ ರಜೆಯಲ್ಲಿ ಊರಿಗೆ ಬಂದಿದ್ದ ಯಜಮಾನರು ಹಳೆಯ ರೌಟರನ್ನು ಕಳಚಿಸಿ, ಮೂರು ಪೆಟ್ಟಿಗೆಗಳ ಮೆಶ್ ವ್ಯವಸ್ಥೆಯನ್ನು ಹಾಕಿಸಿ, ಅದರ ಪೇರೆಂಟಲ್ ಕಂಟ್ರೋಲನ್ನು ತಮ್ಮ ಮೊಬೈಲಿಗೆ ಜೋಡಿಸಿಕೊಂಡು ಮರಳಿದ್ದರು. ಪ್ರಾರ್ಥನೆ ಮುಗಿದ ಮೇಲೆ ನಮ್ಮನ್ನು ಗೇಟಿನವರೆಗೆ ಬೀಳ್ಕೊಡಲು ಬಂದ ಹುಡುಗ ಮೆಲುದನಿಯಲ್ಲಿ ಹೇಳಿದ: "ಪಪ್ಪ ಅಲ್ಲಿಂದಲೇ ಎಲ್ಲ ನೋಡುತ್ತಾರೆ ಫಾದರ್. ಎಷ್ಟು ಗಂಟೆಗೆ ಏನು ತೆರೆದೆ ಎಂದು ಅವರಿಗೆ ಗೊತ್ತಾಗುತ್ತದೆ. ಅವರಿಗೆ ಸಿಟ್ಟು ಬಂದಿದೆ ಎಂದು ನನಗೆ ಗೊತ್ತಾಗುವುದು ನೆಟ್ ನಿಂತಾಗ." ಕುವೈತಿನಲ್ಲಿ ಸಂಜೆ ಏಳಾದಾಗ ಇಲ್ಲಿ ರಾತ್ರಿ ಒಂಬತ್ತೂವರೆ. ತಂದೆ ಕೆಲಸ ಮುಗಿಸಿ ಕೋಣೆ ಸೇರಿ ಮೊಬೈಲ್ ತೆರೆಯುವ ಹೊತ್ತದು.

ಇದು ಪಾಪನಿವೇದನೆಯಲ್ಲಿ ಕೇಳಿದ ಮಾತಲ್ಲವೆಂಬುದನ್ನೂ, ತಾಯಿಮಕ್ಕಳ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇವೆ ಎಂಬುದನ್ನೂ ಓದುಗರು ಗಮನಿಸಬೇಕು.

ಮೆಶ್ ಎಂದರೇನೆಂದು ಕೇಳುವ ಹಿರಿಯರಿಗಾಗಿ ಎರಡು ಮಾತು. ನಮ್ಮ ಹಳೆಯ ಮನೆಗಳ ಕೆಂಪುಕಲ್ಲಿನ ಗೋಡೆಗಳು ದಪ್ಪವಾದವು; ಹೊಸ ಮನೆಗಳ ಕಾಂಕ್ರೀಟ್ ಚಾವಣಿಯೂ ಸಾಮಾನ್ಯವಾದುದಲ್ಲ. ವೈಫೈಯ ರೇಡಿಯೋ ಅಲೆಗಳು ಇವನ್ನು ದಾಟುವಷ್ಟರಲ್ಲಿ ಸೊರಗಿಬಿಡುತ್ತವೆ. 2.4 ಗಿಗಾಹರ್ಟ್ಸ್ ಅಲೆಯು ಗೋಡೆಗಳನ್ನು ಸ್ವಲ್ಪ ಹೆಚ್ಚು ದಾಟುತ್ತದೆ, ಆದರೆ ನಿಧಾನದ್ದು. 5 ಗಿಗಾಹರ್ಟ್ಸ್ ಅಲೆ ವೇಗದ್ದು, ಆದರೆ ಬಹುದೂರ ಸಾಗದು. ಮೆಶ್ ವ್ಯವಸ್ಥೆಯಲ್ಲಿ ಒಂದು ಮುಖ್ಯ ಪೆಟ್ಟಿಗೆ, ಒಂದೆರಡು ಉಪಪೆಟ್ಟಿಗೆಗಳು ಒಂದೇ ಹೆಸರಿನ ಜಾಲವಾಗಿ ಕೆಲಸ ಮಾಡುತ್ತವೆ; ಮೊಬೈಲು ಹಿಡಿದು ನಡೆದಾಡಿದಂತೆ ಹತ್ತಿರದ ಪೆಟ್ಟಿಗೆ ಅದನ್ನು ವಹಿಸಿಕೊಳ್ಳುತ್ತದೆ. ಅನೇಕರು ಸಿಗ್ನಲ್ ಸಿಗದ ಕೋಣೆಯಲ್ಲಿಯೇ ಉಪಪೆಟ್ಟಿಗೆಯನ್ನಿಟ್ಟು ಪ್ರಯೋಜನವಿಲ್ಲವೆಂದು ಗೊಣಗುವುದನ್ನು ಕಂಡಿದ್ದೇವೆ. ಅದಕ್ಕೇ ಸಿಗ್ನಲ್ ಇಲ್ಲದಿದ್ದರೆ ಅದು ಇನ್ನೊಬ್ಬರಿಗೆ ಏನನ್ನು ಹಂಚೀತು? ಮುಖ್ಯ ಪೆಟ್ಟಿಗೆಗೂ ಆ ಕೋಣೆಗೂ ನಡುವೆ, ಸಿಗ್ನಲ್ ಇನ್ನೂ ಚೆನ್ನಾಗಿರುವಲ್ಲಿ ಅದನ್ನಿಡಬೇಕು. ಗೋಡೆ ತೀರಾ ದಪ್ಪವಿದ್ದರೆ ಎರಡರ ನಡುವೆ ಕೇಬಲ್ ಎಳೆಯುವುದೇ ಉತ್ತಮ. ಇಷ್ಟನ್ನು ನಮಗೆ ಕಲಿಸಿದವರು ಧರ್ಮಕೇಂದ್ರದ ಯುವಕರು.

ಇಂಟರ್‌ನೆಟ್ಟನ್ನೇ ಮನೆಯಿಂದ ಹೊರಗಟ್ಟಬೇಕೆಂದು ವಾದಿಸುವವರು ನಾವಲ್ಲ. 2020 ಮತ್ತು 2021ರಲ್ಲಿ ಶಾಲೆಗಳು ಮುಚ್ಚಿದ್ದಾಗ ಸುಳ್ಯ, ಬೆಳ್ತಂಗಡಿ ಕಡೆಯ ಮಕ್ಕಳು ಸಿಗ್ನಲಿಗಾಗಿ ಗುಡ್ಡ ಹತ್ತಿ ಕುಳಿತು ಪಾಠ ಕೇಳಿದ್ದನ್ನು ಯಾರೂ ಮರೆತಿಲ್ಲ. ಹಾಗೆಯೇ, ಬಾಗಿಲನ್ನು ಕಾಯುವುದು ತಂದೆತಾಯಂದಿರ ಕರ್ತವ್ಯವೆಂಬುದರಲ್ಲಿಯೂ ಸಂದೇಹವಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಹೊರಡಿಸಿದ ಸಂಪರ್ಕಮಾಧ್ಯಮಗಳ ಕುರಿತ ಆಜ್ಞಾಪತ್ರದಲ್ಲಿ ಹಾನಿಕರವಾದುದು ಮನೆಯೊಳಗೆ ನುಗ್ಗದಂತೆ ನೋಡಿಕೊಳ್ಳುವ ಹೊಣೆಯನ್ನು ಹೆತ್ತವರ ಮೇಲಿರಿಸಿತು. 2002ರಲ್ಲಿ ವ್ಯಾಟಿಕನ್ನಿನಿಂದ ಹೊರಬಂದ 'ಧರ್ಮಸಭೆ ಮತ್ತು ಇಂಟರ್‌ನೆಟ್' ಎಂಬ ದಾಖಲೆಯಂತೂ, ಅನುಕೂಲವಿದ್ದಲ್ಲಿ ಮಕ್ಕಳು ಬಳಸುವ ಕಂಪ್ಯೂಟರಿಗೆ ಸೋಸುವ ತಂತ್ರಾಂಶವನ್ನು ಅಳವಡಿಸಬೇಕೆಂದು ನೇರವಾಗಿಯೇ ತಿಳಿಸುತ್ತದೆ. ಆದರೆ ಅದೇ ದಾಖಲೆ ಹೆತ್ತವರೂ ಮಕ್ಕಳೂ ಈ ಕುರಿತು ಪರಸ್ಪರ ಮಾತನಾಡಬೇಕೆಂದೂ ಹೇಳುತ್ತದೆ. ಮೊದಲನೆಯ ಸಲಹೆಯನ್ನು ಹಣ ಕೊಟ್ಟು ಪಾಲಿಸಬಹುದು. ಎರಡನೆಯದನ್ನು ಪಾಲಿಸಲು ಸಂಜೆಯ ಒಂದು ಗಂಟೆ ಬೇಕು.

ಹಣ ಕೊಟ್ಟು ಕೊಂಡ ಕಾವಲೂ ಪರಿಪೂರ್ಣವಲ್ಲ. ಮಗುವಿನ ಹೆಸರಿನಲ್ಲಿ ಒಂದು ಪ್ರೊಫೈಲ್ ಮಾಡಿ ಅದರ ಮೊಬೈಲು, ಟ್ಯಾಬುಗಳನ್ನು ಅದಕ್ಕೆ ಸೇರಿಸಿ, ಇಂತಿಷ್ಟು ಗಂಟೆಯ ಬಳಿಕ ನೆಟ್ ನಿಲ್ಲಬೇಕು, ಇಂಥ ಬಗೆಯ ತಾಣಗಳು ತೆರೆಯಬಾರದು ಎಂದು ರೌಟರಿಗೆ ಆದೇಶಿಸಬಹುದು. ನಿಜ. ಆದರೆ ಇಂದಿನ ಬಹುತೇಕ ತಾಣಗಳು ಗೂಢಲಿಪಿಯಲ್ಲಿ ವ್ಯವಹರಿಸುವುದರಿಂದ ರೌಟರಿಗೆ ಕಾಣುವುದು ತಾಣದ ಹೆಸರು ಮಾತ್ರ. ಯೂಟ್ಯೂಬಿನಲ್ಲಿ ಗಣಿತದ ಪಾಠ ನಡೆದಿದೆಯೋ ಬೇರೇನೋ ಎಂಬುದನ್ನು ಅದು ಅರಿಯದು. ಮೊಬೈಲು ತನ್ನ ಗುರುತುಸಂಖ್ಯೆಯನ್ನು ಬದಲಿಸಿಕೊಂಡರೆ ರೌಟರ್ ಅದನ್ನು ಹೊಸ ಅತಿಥಿಯೆಂದೇ ತಿಳಿಯುತ್ತದೆ. ವಿಪಿಎನ್ ಎಂಬ ಸುರಂಗಮಾರ್ಗವಿದೆ. ಎಲ್ಲಕ್ಕಿಂತ ಮಿಗಿಲಾಗಿ ಸಿಮ್‌ಕಾರ್ಡಿನ ಡೇಟಾ ಇದೆ. ಅದು ಮನೆಯ ವೈಫೈಯನ್ನು ಕೇಳುವುದೇ ಇಲ್ಲ. ಇನ್ನೊಂದು ಮನೆಯಲ್ಲಿ ಸಾವಿರಾರು ರೂಪಾಯಿ ಸುರಿದು ಮೆಶ್ ಹಾಕಿಸಿದ್ದರು. ಆದರೆ ನೆಟ್ ಕಂಪೆನಿಯವರು ಮೊದಲೇ ಕೊಟ್ಟಿದ್ದ ಪೆಟ್ಟಿಗೆಯ ವೈಫೈಯನ್ನು ಆರಿಸಿರಲಿಲ್ಲ. ಮಕ್ಕಳು ಹಳೆಯ ಪಾಸ್‌ವರ್ಡಿನಿಂದ ಅದರಲ್ಲಿಯೇ ನಿಶ್ಚಿಂತೆಯಿಂದಿದ್ದರು! ಆರು ತಿಂಗಳ ಕಾಲ ತಂದೆ ನೋಡುತ್ತಿದ್ದ ಪಟ್ಟಿ ಅವರ ಸ್ವಂತ ಪತ್ನಿಯದು.

ನಗು ಬರುತ್ತದೆ. ಆದರೆ ಕಾವಲಿನ ಕಂಡಿಗಳು ನಮ್ಮನ್ನು ಅಷ್ಟಾಗಿ ಕಾಡುವುದಿಲ್ಲ. ಕಾವಲು ಸಂಪೂರ್ಣವಾಗಿ ಸಫಲವಾದಲ್ಲಿ ಏನಾಗುತ್ತದೆ ಎಂಬುದೇ ನಮ್ಮ ಚಿಂತೆ. ಇಂಗ್ಲೆಂಡಿನ ದಾರ್ಶನಿಕ ಜೆರೆಮಿ ಬೆಂಥಮ್ 1791ರಲ್ಲಿ ಒಂದು ಸೆರೆಮನೆಯ ಯೋಜನೆಯನ್ನು ಪ್ರಕಟಿಸಿದ. ವೃತ್ತಾಕಾರದ ಕಟ್ಟಡದ ಸುತ್ತಲೂ ಕೋಣೆಗಳು, ನಡುವೆ ಕಾವಲುಗಾರನ ಗೋಪುರ. ಕಾವಲುಗಾರನಿಗೆ ಎಲ್ಲರೂ ಕಾಣುತ್ತಾರೆ, ಅವನು ಯಾರಿಗೂ ಕಾಣುವುದಿಲ್ಲ. ಆತ ಗೋಪುರದಲ್ಲಿ ಇರಲಿ ಇಲ್ಲದಿರಲಿ, ಇದ್ದಾನೆಂಬ ಶಂಕೆಯಿಂದಲೇ ಕೈದಿ ಅಂಕೆಯಲ್ಲಿರುತ್ತಾನೆ. ಸೆಮಿನರಿಯಲ್ಲಿ ಇದನ್ನು ಓದಿದಾಗ ಅದು ದೂರದ ದೇಶದ ಹಳೆಯ ವಿಚಾರವೆಂದೇ ಭಾವಿಸಿದ್ದೆವು. ಕುವೈತಿನ ಒಂದು ಕೋಣೆಯಿಂದ ನಮ್ಮ ಊರಿನ ಒಂದು ಚಾವಡಿಯತ್ತ ಹೊರಟ ನೋಟ ಅದನ್ನು ನೆನಪಿಗೆ ತಂದಿತು. ಮಗನನ್ನು ಪ್ರೀತಿಸುವ, ಮಗನಿಗಾಗಿಯೇ ಮರುಭೂಮಿಯ ಬಿಸಿಲಿನಲ್ಲಿ ದುಡಿಯುವ ತಂದೆಯನ್ನು ಯಂತ್ರವೊಂದು ತನಗರಿವಿಲ್ಲದೆಯೇ ಗೋಪುರದ ಕಾವಲುಗಾರನ ಸ್ಥಾನದಲ್ಲಿ ಕೂರಿಸಿತ್ತು. 2023ರಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ದತ್ತಾಂಶ ಸಂರಕ್ಷಣಾ ಕಾಯ್ದೆಯು ಹದಿನೆಂಟು ತುಂಬದ ಮಕ್ಕಳ ಜಾಡು ಹಿಡಿಯುವುದನ್ನು ಕಂಪೆನಿಗಳಿಗೆ ನಿಷೇಧಿಸುತ್ತದೆ. ಹೆತ್ತವರ ವಿಷಯದಲ್ಲಿ ಕಾನೂನು ಮಾತನಾಡುವುದಿಲ್ಲ, ಮಾತನಾಡಬೇಕಾಗಿಯೂ ಇಲ್ಲ. ಅಲ್ಲಿ ಅಂತಃಸಾಕ್ಷಿಯೇ ಮಾತನಾಡಬೇಕು.

"ದೇವರೂ ಎಲ್ಲವನ್ನು ನೋಡುತ್ತಾನಲ್ಲ ಫಾದರ್, ಅದೂ ಹಾಗೆಯೇ ಅಲ್ಲವೇ?" ಎಂದು ಧರ್ಮೋಪದೇಶದ ತರಗತಿಯಲ್ಲಿ ಒಬ್ಬ ಬಾಲಕಿ ಕೇಳಿದಳು. ಒಳ್ಳೆಯ ಪ್ರಶ್ನೆ, ನಾವು ಕೂಡಲೇ ಉತ್ತರಿಸಲಾರದೆ ಹೋದೆವು. ಈಗ ಹೇಳಬಹುದಾದದ್ದು ಇಷ್ಟು: ನೋಡುತ್ತಿರುವ ದೇವರೊಡನೆ ನಾವು ಮಾತನಾಡಬಹುದು, ಜಗಳವನ್ನೂ ಆಡಬಹುದು, ಕೀರ್ತನೆಗಳನ್ನು ರಚಿಸಿದವರು ಅದನ್ನು ಧಾರಾಳವಾಗಿ ಮಾಡಿದ್ದಾರೆ. ರೌಟರಿನ ಪಟ್ಟಿಯೊಡನೆ ಮಾತನಾಡಲಾಗದು.

ಮಕ್ಕಳ ಶಿಕ್ಷಣದ ಬಗ್ಗೆ ಕಥೋಲಿಕ ಪರಂಪರೆಯಲ್ಲಿ ಸಂತ ಜಾನ್ ಬೋಸ್ಕೋರಷ್ಟು ಅನುಭವದಿಂದ ಬರೆದವರು ವಿರಳ. ತೂರಿನ್ ನಗರದ ಬೀದಿಬಾಲಕರ ನಡುವೆ ಬಾಳಿದ ಅವರು 1877ರಲ್ಲಿ ಬರೆದ ಪುಟ್ಟ ಪ್ರಬಂಧದಲ್ಲಿ ಎರಡು ಪದ್ಧತಿಗಳನ್ನು ಬೇರ್ಪಡಿಸುತ್ತಾರೆ. ಒಂದು, ನಿಯಮವನ್ನು ತಿಳಿಸಿ, ದೂರದಿಂದ ಕಾದು ನೋಡಿ, ತಪ್ಪಿದವನನ್ನು ಹಿಡಿದು ದಂಡಿಸುವುದು. ಇನ್ನೊಂದು, ನಿಯಮವನ್ನು ತಿಳಿಸಿ, ತಪ್ಪು ನಡೆಯುವ ಮೊದಲೇ ತಂದೆಯಂತೆ ಬಳಿಯಲ್ಲಿದ್ದು ಕೈಹಿಡಿಯುವುದು. ವಿವೇಕ, ಧರ್ಮ, ವಾತ್ಸಲ್ಯ ಈ ಎರಡನೆಯದರ ಮೂರು ಆಧಾರಗಳು. ಪೇರೆಂಟಲ್ ಕಂಟ್ರೋಲ್ ಎಂಬುದು ತಡೆಯುವ ಸಾಧನವಾದುದರಿಂದ ಎರಡನೆಯ ಪದ್ಧತಿಗೆ ಸೇರಿದ್ದೆಂದು ಯಾರಾದರೂ ವಾದಿಸಬಹುದು. ತಡೆಯುತ್ತದೆ ನಿಜ, ಬಳಿಯಲ್ಲಿರುವುದಿಲ್ಲ. ಬಾಲಕರನ್ನು ಪ್ರೀತಿಸಿದರೆ ಸಾಲದು, ಪ್ರೀತಿಸಲಾಗುತ್ತಿದೆಯೆಂದು ಅವರಿಗೆ ತಿಳಿಯಬೇಕೆಂಬ ಆಶಯದ ಪತ್ರವನ್ನು ಅದೇ ಸಂತರು 1884ರಲ್ಲಿ ರೋಮಿನಿಂದ ಬರೆದರು. ನೆಟ್ ನಿಂತಾಗ ಮಾತ್ರ ತಂದೆಯ ಮನಸ್ಸನ್ನು ತಿಳಿಯುವ ಹುಡುಗನಿಗೆ ಆ ತಂದೆಯ ಪ್ರೀತಿ ಎಲ್ಲಿಂದ ತಿಳಿಯಬೇಕು?

ಆದುದರಿಂದ ನಮ್ಮ ಅಭಿಪ್ರಾಯ ಹೀಗಿದೆ. ಹತ್ತು ಹನ್ನೆರಡರ ಕೆಳಗಿನ ಮಕ್ಕಳಿಗೆ ಸೋಸುವ ವ್ಯವಸ್ಥೆ ಇರಲಿ, ಗಟ್ಟಿಯಾಗಿಯೇ ಇರಲಿ. ದೊಡ್ಡ ಮಕ್ಕಳಿಗೆ ಅದನ್ನು ಹೇಳಿ ಹಾಕಬೇಕು, ಕದ್ದು ಹಾಕಬಾರದು. ಯಾವುದು ಮುಚ್ಚಿದೆ, ಏಕೆ ಮುಚ್ಚಿದೆ, ಯಾವಾಗ ತೆರೆಯುವುದೆಂಬುದು ಅವರಿಗೂ ಗೊತ್ತಿರಬೇಕು. ಸದ್ಗುಣವೆಂಬುದು ಮತ್ತೆ ಮತ್ತೆ ಮಾಡಿದ ಸತ್ಕ್ರಿಯೆಗಳಿಂದ ನೆಲೆಗೊಂಡ ಸ್ವಭಾವವೆಂದು ಸಂತ ಥಾಮಸ್ ಅಕ್ವಿನಾಸರು ವಿವರಿಸುತ್ತಾರೆ. ಆರಿಸಿಕೊಳ್ಳುವ ಅವಕಾಶವೇ ಇಲ್ಲದ ಕಡೆ ಆ ಅಭ್ಯಾಸ ಬೆಳೆಯದು. ಹದಿನೆಂಟರ ವಯಸ್ಸಿಗೆ ಬೆಂಗಳೂರಿನ ಹಾಸ್ಟೆಲಿಗೆ ಹೋಗುವ ಮಗನ ಹಿಂದೆ ಮನೆಯ ರೌಟರ್ ಹೋಗುವುದಿಲ್ಲ. ಇನ್ನು, ಯಾವ ತಾಣ ಎಷ್ಟು ಹೊತ್ತಿಗೆ ಎಂಬ ಪಟ್ಟಿಯನ್ನು ದಿನವೂ ಓದುವ ಚಟವನ್ನು ಹೆತ್ತವರು ಬಿಡುವುದು ಲೇಸು. ಅದು ಅವರಿಗೂ ಒಳ್ಳೆಯದಲ್ಲ.

ಕೆಲವರು ಸಂಜೆಯ ಜಪಸರದ ಹೊತ್ತಿಗೆ ಸರಿಯಾಗಿ ನೆಟ್ ನಿಲ್ಲುವಂತೆ ವೇಳೆ ಗೊತ್ತುಪಡಿಸಿಕೊಂಡು ನಮ್ಮಿಂದ ಮೆಚ್ಚುಗೆಯನ್ನು ನಿರೀಕ್ಷಿಸುತ್ತಾರೆ. ಕ್ಷಮಿಸಬೇಕು. ಆಟದ ನಡುವೆ ಪರದೆ ಕಪ್ಪಾದೊಡನೆ "ನಮೋ ಮರಿಯ" ಕೇಳಿಸಿದರೆ ಬಾಲಕನ ಮನಸ್ಸಿನಲ್ಲಿ ಪ್ರಾರ್ಥನೆಯೂ ಶಿಕ್ಷೆಯೂ ಒಂದೇ ಆಗಿ ಬೆಸೆದುಕೊಳ್ಳುವ ಅಪಾಯವಿದೆ. ಮೊದಲು ಹಿರಿಯರು ತಮ್ಮ ಮೊಬೈಲುಗಳನ್ನು ಪೀಠದ ಪಕ್ಕದಲ್ಲಿಟ್ಟು ಮೊಣಕಾಲೂರಲಿ; ಮಕ್ಕಳನ್ನು ಹೆಸರು ಹಿಡಿದು ಕರೆಯಲಿ.

2025ರ ಸೆಪ್ಟೆಂಬರ್ 7ರಂದು ಜಗದ್ಗುರು ಹದಿನಾಲ್ಕನೆಯ ಲಿಯೋರವರು ಸಂತಪದವಿಗೇರಿಸಿದ ಕಾರ್ಲೊ ಅಕ್ಯುತಿಸರ ಹೆಸರು ಈಗ ಮಕ್ಕಳ ಕಿವಿಗೆ ಪದೇಪದೇ ಬೀಳುತ್ತಿದೆ. ಪರಮಪ್ರಸಾದದ ಅದ್ಭುತಗಳನ್ನು ಸಂಗ್ರಹಿಸಿ ಜಾಲತಾಣವನ್ನು ರೂಪಿಸಿದ ಆ ಬಾಲಕ ಹದಿನೈದನೆಯ ವಯಸ್ಸಿನಲ್ಲಿ, 2006ರಲ್ಲಿ ತೀರಿಕೊಂಡರು. ಐಫೋನ್ ಬಂದದ್ದು ಅದರ ಮರುವರ್ಷ. ಜೇಬಿನೊಳಗಿನ ಪರದೆಯ ಎಳೆತವನ್ನು ಅವರು ಅನುಭವಿಸಲಿಲ್ಲ. ಅವರ ಹೆಸರನ್ನು ಬೆತ್ತದಂತೆ ಬಳಸದಿರುವುದು ನ್ಯಾಯ.

ಕಳೆದ ಭಾನುವಾರ ಆ ಯಜಮಾನರೊಡನೆ ನಾವು ಮೊಬೈಲಿನಲ್ಲಿ ಬಹಳ ಹೊತ್ತು ಮಾತನಾಡಿದೆವು. ಮೊದಲು ಅವರು ಬೇಸರಗೊಂಡರು. "ನಾನು ಇಲ್ಲಿಂದ ಇನ್ನೇನು ಮಾಡಲಿ ಫಾದರ್?" ಎಂದರು, ಆ ಪ್ರಶ್ನೆಗೆ ನಮ್ಮಲ್ಲಿ ಸುಲಭದ ಉತ್ತರವಿರಲಿಲ್ಲ. ಕೊನೆಗೆ ಮನೆಯವರೆಲ್ಲ ಸೇರಿ ಒಂದು ಒಪ್ಪಂದಕ್ಕೆ ಬಂದಿದ್ದಾರೆ. ಮಗಳಿಗೆ ಇರುವ ತಡೆಗಳು ಹಾಗೆಯೇ ಇರುತ್ತವೆ. ಮಗನಿಗೆ ಕೊಳಕು ತಾಣಗಳ ತಡೆ ಮಾತ್ರ. ಹತ್ತೂವರೆಗೆ ನೆಟ್ ನಿಲ್ಲುತ್ತದೆ, ಆ ವೇಳೆಯನ್ನು ಅವನೇ ಸೂಚಿಸಿದ. ನಿಯಂತ್ರಣದ ಪಾಸ್‌ವರ್ಡ್ ಈಗ ತಾಯಿಯ ಕೈಯಲ್ಲಿದೆ. ಒಂಬತ್ತೂವರೆಗೆ ತಂದೆ ಪಟ್ಟಿ ತೆರೆಯುವ ಬದಲು ಮಗನಿಗೆ ಕರೆ ಮಾಡುತ್ತಾರೆ. ಮೊದಲ ಎರಡು ದಿನ ಇಬ್ಬರಿಗೂ ಮಾತು ಹೊಳೆಯಲಿಲ್ಲವಂತೆ. ಹುಡುಗ ತನ್ನ ಕಡೆಯಿಂದಲೂ ಒಂದು ಷರತ್ತು ಹಾಕಿದ್ದಾನೆ: ಜಪಸರದ ಹೊತ್ತಿಗೆ ಮೊಬೈಲುಗಳು ದೂರವಿರುವುದಾದರೆ ಅಜ್ಜಿಯ ಏಳೂವರೆಯ ಧಾರಾವಾಹಿಯೂ ನಿಲ್ಲಬೇಕು. ಆ ವಿಷಯ ಇನ್ನೂ ಇತ್ಯರ್ಥವಾಗಿಲ್ಲ.