ಫಲಾನುಭವಿ ಅಲ್ಲ ಸ್ವಾಮಿ, ಪಾಲುದಾರ ಅಂತ ಬರೀರಿ



"ಆದಿವಾಸಿಗಳನ್ನೂ ಪ್ರವಾಸೋದ್ಯಮಕ್ಕೆ ಸೇರಿಸ್ಕೊಳ್ಳೋಣ" ಅನ್ನೋ ಮಾತು ಈಗ ಎಲ್ಲಾ ಕಡೆ ಕೇಳ್ತಿದೆ. ಕೇಳೋಕೆ ಚೆಂದ. ಆದರೆ ಯಾರು ಯಾರನ್ನ ಸೇರಿಸ್ಕೊಳ್ಳೋದು?

ನಮ್ಮ ಮೈಸೂರನ್ನೇ ನೋಡಿ. 750 ಕೆಜಿ ಅಂಬಾರಿ ಹೊತ್ತ ಆನೆ ಲಕ್ಷಾಂತರ ಜನರ ಗದ್ದಲದಲ್ಲಿ ಬೆದರದೆ ನಡೆಯುತ್ತಲ್ಲ, ಅದು ಯಾರ ವಿದ್ಯೆ? ಮಾವುತ, ಕಾವಾಡಿಗಳಲ್ಲಿ ಬಹಳಷ್ಟು ಜನ ಜೇನುಕುರುಬರು, ಬೆಟ್ಟಕುರುಬರು. ಹೆಂಡತಿ ಮಕ್ಕಳನ್ನ ಕಟ್ಕೊಂಡು ಅರಮನೆ ಆವರಣದ ಶೆಡ್‌ನಲ್ಲಿ ಇರ್ತಾರೆ. ಗಣ್ಯರು ಒಂದು ದಿನ ತಿಂಡಿ ಬಡಿಸಿ ಫೋಟೋ ತೆಗೆಸ್ಕೋತಾರೆ. ತಿಂಡಿ ಹಾಕೋದು ಒಳ್ಳೇದೇ. ತೀರ್ಮಾನ ಮಾಡೋ ಮೇಜಿನ ಹತ್ತಿರ ಕುರ್ಚಿ ಯಾವಾಗ ಹಾಕ್ತೀರಿ? ತಮಟೆ ಬೇಕು, ತಮಟೆಯವನು ಪಂಕ್ತಿಗೆ ಬೇಡ ಅನ್ನೋದನ್ನ ಕಂಡುಂಡ ನಮಗೆ ಈ ಲೆಕ್ಕ ಬೇಗ ಅರ್ಥವಾಗುತ್ತೆ.

"ಅವರಿಗೇನು ಗೊತ್ತು?" ಅನ್ನೋರು ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ. ಒಣಗಾಲ ಬಿರುಸಾಗೋ ಮುಂಚೆ ಸೋಲಿಗರು ಸಣ್ಣಗೆ ತರಗು ಬೆಂಕಿ ಹಾಕ್ತಿದ್ದರು. ಕಾಡು ಸುಡ್ತಾರೆ ಅಂತ ನಿಲ್ಲಿಸಿದ್ರು. ಲಂಟಾನ ಮುತ್ಕೊಂಡು ಬರ್ತಿದೆ, ನೆಲ್ಲಿ ಮರಕ್ಕೆ ಬದನಿಕೆ ಹತ್ತುತ್ತಿದೆ ಅಂತ ಸೋಲಿಗರು ಹೇಳ್ತಾನೇ ಬಂದರು. ಆಮೇಲೆ ವಿಜ್ಞಾನಿಗಳು ಅಳೆದಾಗ 1997ರಿಂದ 2008ರೊಳಗೆ ಅಲ್ಲಿ ಲಂಟಾನ ದುಪ್ಪಟ್ಟು ಹಬ್ಬಿತ್ತು. ಅದೇ ಬೆಟ್ಟದಲ್ಲಿ ಸಿಕ್ಕ ಒಂದು ಹೊಸ ಕಣಜದ ಕುಲಕ್ಕೆ 'ಸೋಲಿಗ' ಅಂತ ಹೆಸರಿಟ್ಟಿದ್ದಾರೆ. ಕಣಜಕ್ಕೆ ಹೆಸರು ಕೊಟ್ಟಿರಿ, ಸಂತೋಷ. ಕಾಡಿನ ಯೋಜನೆ ಬರೆಯುವಾಗ ಅವರ ಮಾತಿಗೂ ಜಾಗ ಕೊಡಿ.

ಇನ್ನು ನಾಗರಹೊಳೆ. ಹಾಡಿಯವರು ಇದ್ದರೆ ಕಾಡು ಹಾಳಾಗುತ್ತೆ ಅಂತ 1970ರ ದಶಕದಿಂದ ಒಕ್ಕಲೆಬ್ಬಿಸಿದ್ರು. ಅದೇ ಕಾಡಿನ ಮೂರ್ಕಲ್‌ನಲ್ಲಿ ತಾಜ್ ಗುಂಪಿನ ಹೋಟೆಲ್ಲಿಗೆ ಜಾಗ ಗುತ್ತಿಗೆ ಕೊಟ್ರು! ಆದಿವಾಸಿಗಳು ಬೀದಿಗಿಳಿದ್ರು, ಕೋರ್ಟಿಗೂ ಹೋದ್ರು. 1997ರಲ್ಲಿ ಹೈಕೋರ್ಟು ಆ ಗುತ್ತಿಗೆ ಕಾನೂನುಬಾಹಿರ ಅಂತು. ಗುಡಿಸಲು ಇದ್ದರೆ ಹಾಳಾಗೋ ಕಾಡು ಹೋಟೆಲ್ ಕಟ್ಟಿದ್ರೆ ಉಳಿಯುತ್ತಾ?

ಕಚೇರಿಯಲ್ಲಿ ದಿನಾ ಕಡತ ನೋಡೋನು ನಾನು. ಒಂದು ಪದ ಬದಲಾದ್ರೆ ಹಣೆಬರಹವೇ ಬದಲಾಗುತ್ತೆ. 'ಫಲಾನುಭವಿ' ಅಂತ ಬರೆದರೆ ಕೈಚಾಚಿ ನಿಲ್ಲಬೇಕು. 'ಪಾಲುದಾರ' ಅಂತ ಬರೆದರೆ ಲೆಕ್ಕ ಕೇಳಬಹುದು, ಒಪ್ಪದಿದ್ರೆ ಸಹಿ ಹಾಕದೇ ಇರಬಹುದು. ಹೋಂಸ್ಟೇಗೊಬ್ಬ ಗೈಡ್, ಸಂಜೆಗೊಂದು ಕುಣಿತ ಅಂದ್ರೆ ಅದು ಪಾಲುದಾರಿಕೆ ಅಲ್ಲ, ಕೂಲಿ.

ಇದು ಯಾರ ಔದಾರ್ಯವೂ ಅಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ 3(1)(ಕೆ) ಓದಿ. ಜೀವವೈವಿಧ್ಯಕ್ಕೆ, ಸಂಸ್ಕೃತಿಗೆ ಸೇರಿದ ಪಾರಂಪರಿಕ ಜ್ಞಾನ ಸಮುದಾಯದ ಹಕ್ಕು ಅಂತ ಅಲ್ಲಿದೆ. 2011ರಲ್ಲಿ ಬಿಳಿಗಿರಿಯ ಸೋಲಿಗರು ಹುಲಿ ಮೀಸಲಿನೊಳಗೇ ಸಮುದಾಯ ಅರಣ್ಯ ಹಕ್ಕು ಪಡೆದು ತೋರಿಸಿದ್ರು.

ಹಾಗಾಗಿ ಕೇಳೋಣ: ಮೊದಲು ಹಕ್ಕುಪತ್ರ, ಆಮೇಲೆ ಪ್ರವಾಸ. ಯಾವ ಯೋಜನೆಯಾದ್ರೂ ಗ್ರಾಮಸಭೆಯ ಠರಾವಿನಿಂದಲೇ ಶುರುವಾಗಲಿ. ದುಡ್ಡಿನ ಪಾಲು ಎಷ್ಟು ಅನ್ನೋದು ಕರಾರಿನಲ್ಲಿರಲಿ, ಲೆಕ್ಕದ ಪುಸ್ತಕ ಹಾಡಿಯಲ್ಲಿರಲಿ. ಯಾವ ಮದ್ದು, ಯಾವ ಪೂಜೆ, ಯಾವ ದಾರಿ ಹೊರಗಿನವರಿಗೆ ತೋರಿಸಬಾರದು ಅನ್ನೋದನ್ನ ಅವರೇ ತೀರ್ಮಾನಿಸಲಿ. "ನಮಗೆ ಪ್ರವಾಸಿಗರೇ ಬೇಡ" ಅಂದ್ರೆ ಅದೇ ಕೊನೆ ಮಾತಾಗಲಿ.

ಬೇಡ ಅನ್ನೋ ಅಧಿಕಾರ ಇಲ್ಲದ ಕಡೆ ಗೌರವ ಅನ್ನೋ ಪದ ಬಳಸಬೇಡಿ.

— ಒಂಟಿಕೊಪ್ಪಲ್, ಮೈಸೂರು
#ಮೊದಲುಹಕ್ಕುಪತ್ರ