ಚೆಲುವಿಗೆ ಜಾಗ್ವಾರ್, ಬಾಳಿಕೆಗೆ ಬೆಂಜ್

ಹಳೆಯ ಕಾರಿನ ಶೋಕಿ ಇರುವವರಲ್ಲಿ ಕೆಲವರು ಇಂಗ್ಲೆಂಡಿನ ಜಾಗ್ವಾರ್ ಎಕ್ಸ್‌ಜೆ6 ಅಂತಾರೆ, ಕೆಲವರು ಜರ್ಮನಿಯ ಮರ್ಸಿಡಿಸ್ ಬೆಂಜ್ ಡಬ್ಲ್ಯು123 ಅಂತಾರೆ. ನಾನು ರೈತ. ಎತ್ತು ಕೊಳ್ಳುವಾಗ ಕೊಂಬಿಗಿಂತ ಮೊದಲು ಹಲ್ಲು ನೋಡುವವನು. ಕಾರಿಗೂ ಅದೇ ಲೆಕ್ಕ ಅಂತೀನಿ.

ಚೆಲುವಿನಲ್ಲಿ ಜಾಗ್ವಾರಿಗೆ ಸಾಟಿಯಿಲ್ಲ, ಒಪ್ಪೋಣ. 1968ರಲ್ಲಿ ಬಂದ ಈ ಕಾರಿನ ಮೈಕಟ್ಟು ಕಂಪನಿ ಕಟ್ಟಿದ ಸರ್ ವಿಲಿಯಂ ಲಯನ್ಸ್ ಅವರ ಕಣ್ಣಳತೆಯದು. ಒಳಗೆ ಮರದ ಹಲಗೆ, ತೊಗಲಿನ ಸೀಟು; ಸವಾರಿ ತೊಟ್ಟಿಲು ತೂಗಿದಂತೆ. ಆದರೆ ರಿಪೇರಿಗೆ ಕೈಹಾಕಿ ನೋಡಿ! ಹಿಂದಿನ ಬ್ರೇಕು ಚಕ್ರದ ಹತ್ತಿರವಿಲ್ಲ, ನಡುವೆ ಡಿಫರೆನ್ಷಿಯಲ್ ಪಕ್ಕ ಅಡಗಿದೆ. ಪೆಟ್ರೋಲ್ ಟ್ಯಾಂಕು ಎಡಕ್ಕೊಂದು, ಬಲಕ್ಕೊಂದು. ತುಕ್ಕು ಹಿಡಿದರೆ ಖರ್ಚೂ ಎರಡು.

ಬೆಂಜ್ 1976ರಲ್ಲಿ ಬಂತು. 1986ರ ಹೊತ್ತಿಗೆ ಸುಮಾರು 27 ಲಕ್ಷ ತಯಾರಾದವು. ಅದರ 240ಡಿ ಡೀಸೆಲ್ ಕಾರು ಓಟದಲ್ಲಿ ಮಂದ, ನಿಜ. ಆದರೆ ಜರ್ಮನಿಯಲ್ಲಿ ಟ್ಯಾಕ್ಸಿಯಾಗಿ ದುಡಿದ ಜೀವ ಅದು. ಸ್ಪಾರ್ಕ್ ಪ್ಲಗ್ ಇಲ್ಲ, ಕಾರ್ಬುರೇಟರ್ ಕಾಟವಿಲ್ಲ. ಬಿಡಿಭಾಗ ಇಂದಿಗೂ ಸಿಗುತ್ತವೆ. ತುಕ್ಕು ಇದಕ್ಕೂ ಶತ್ರುವೇ. ಜ್ಯಾಕ್ ಕೊಡುವ ಜಾಗವನ್ನು ಬಗ್ಗಿ ನೋಡಿಯೇ ಬೆಲೆ ಮಾತಾಡಬೇಕು.

ಅಗ್ಗಕ್ಕೆ ಸಿಕ್ಕಿತೆಂದು ಜಾಗ್ವಾರ್ ತಂದು, ರಿಪೇರಿಗೆ ಹಣವಿಲ್ಲದೆ ಶೆಡ್ಡಿನಲ್ಲಿ ನಿಲ್ಲಿಸಿದರೆ ಅದು ಆ ಚೆಲುವಿಗೇ ಮಾಡುವ ಅನ್ಯಾಯ. ಕೊಂಡ ಬೆಲೆಯಷ್ಟೇ ಹಣವನ್ನು ಬೇರೆ ಎತ್ತಿಡಬಲ್ಲವರು ಅದನ್ನೇ ಕೊಳ್ಳಲಿ, ನನ್ನ ತಕರಾರಿಲ್ಲ. ವಾರಕ್ಕೊಮ್ಮೆಯಾದರೂ ರಸ್ತೆಗಿಳಿಸುವ ಆಸೆಯಿದ್ದವರಿಗೆ ಬೆಂಜೇ ಸರಿ. ಓಡುವ ಕಾರೇ ಉಳಿಯುವ ಕಾರು.